ಶಾವಂತ್ರವ್ವನ ಹೆಸರು

ಶಾವಂತ್ರವ್ವನ ಶೇಂಗಾ ಚಟ್ನಿ ಅಂದರೆ ಗದಗಿನ ಆ ಓಣಿಗೆಲ್ಲ ಪ್ರೀತಿ. ಒಂದು ದಿನ ಕಿರಾಣಿ ಅಂಗಡಿ ಸಾಹುಕಾರ ಚನ್ನವೀರಪ್ಪ ‘ಶಾವಂತ್ರವ್ವ’ ಎಂಬ ಹೆಸರನ್ನೇ ತನ್ನ ಚಟ್ನಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡು ಬಂದ.

“ಇನ್ನ ಆ ಹೆಸರು ನಂದು. ನೀ ಬಳಸಿದ್ರ ಕೋರ್ಟಿಗೆ ಎಳಿತೀನಿ.”

“ಆತ್ರಿ ಸಾಹುಕಾರ್ರ, ಇಟ್ಕೊಳ್ರಿ,” ಅಂದಳು ಮುದುಕಿ.

ಓಣಿಯ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಎರೆಯುವವಳೂ ಅವಳೇ. ಮರುದಿನ ಬೆಳಿಗ್ಗೆ ಹೆಂಗಸರು ಕೂಸು ಎತ್ತಿಕೊಂಡು ಬಂದು, “ಶಾವಂತ್ರವ್ವಾ” ಎಂದು ಕೂಗಿದರು.

“ನಾ ಆ ಹೆಸರು ಬಳಸಾಂಗಿಲ್ಲಂತ. ಶಾವಂತ್ರವ್ವ ಈಗ ಸಾಹುಕಾರ್ರು. ಅಲ್ಲೇ ಹೋಗ್ರಿ.”

ಅಂಗಡಿ ಕದ ತೆಗೆಯುವಷ್ಟರಲ್ಲಿ ಸಾಹುಕಾರನ ತೊಡೆಯ ಮೇಲೆ ಕೂಸು, ಕೈಯಲ್ಲಿ ಎಣ್ಣೆಬಟ್ಟಲು.

ಮಧ್ಯಾಹ್ನ ಹೆಸರು ವಾಪಸ್ ಕೊಡಲು ಬಂದವನ ಧೋತರ ತೊಯ್ದಿತ್ತು.

“ಇಷ್ಟ ಲಗೂನ ಸಾಕಾತೇನ್ರಿ?” ಅಂದಳು ಶಾವಂತ್ರವ್ವ. “ಸಂಜೀಕ ಅವಳಿ ಜವಳಿ ಬರೋದಿತ್ತು.”