ಎಲ್ಲಕ್ಕಿಂತ ಹೆಚ್ಚು ಎತ್ತುವ ಕ್ಯಾಮ್

"ಉಸ್ತಾದ್, ಹಳೆಯ ಎಂಜಿನ್‌ಗೆ ಎಲ್ಲಕ್ಕಿಂತ ಒಳ್ಳೆಯ ಕ್ಯಾಮ್ ಯಾವುದು?" ಎಂದು ಶಿಷ್ಯ ಕೇಳಿದ.

ದಾದಾಪೀರ್ ಉಸ್ತಾದರು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಬೆಂಚಿನ ಮೇಲೆ ಎಸೆದರು. ಹಳೆಯ ಮೋಟಾರ್‌ಸೈಕಲ್ ರಿಪೇರಿ ಕಲಿಯಬೇಕೆಂದವರೆಲ್ಲ ಹೊಸಪೇಟೆಯ ಅವರ ಗ್ಯಾರೇಜಿಗೆ ಬರುತ್ತಿದ್ದರು. ಬಂದವರೆಲ್ಲ ಒಂದಲ್ಲ ಒಂದು ದಿನ ಇದನ್ನೇ ಕೇಳುತ್ತಿದ್ದರು.

"ಬಂತಪ್ಪಾ, ಬಂತು! ಇನ್ನೂ ಯಾಕೆ ಕೇಳಲಿಲ್ಲ ಅಂತ ಕಾಯುತ್ತಿದ್ದೆ, ಗವಿಸಿದ್ಧ. ಟ್ಯಾಪೆಟ್ ಸಂದು ನೆಟ್ಟಗೆ ಇಡಲಿಕ್ಕೆ ಬರುವುದಿಲ್ಲ, ಆಗಲೇ ಕ್ಯಾಮ್ ಬದಲಾಯಿಸುವ ಆಸೆ."

ಗವಿಸಿದ್ಧ ಬಿಡಲಿಲ್ಲ. "ಹೆಚ್ಚು ಲಿಫ್ಟ್ ಇರುವುದೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಉಸ್ತಾದ್. ಕ್ಯಾಮಿನ ಉಬ್ಬು ವಾಲ್ವನ್ನು ಹೆಚ್ಚು ಎತ್ತಿ ತೆರೆದರೆ ಒಳಗೆ ಹೆಚ್ಚು ಗಾಳಿ. ಹೆಚ್ಚು ಗಾಳಿಗೆ ಹೆಚ್ಚು ಬಲ. ಇದರಲ್ಲಿ ತಪ್ಪೇನು?"

"ತಪ್ಪೇನೂ ಇಲ್ಲ. ಅದೇ ನನ್ನ ಗೋಳು. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಉಸ್ತಾದರು ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿ ಇದ್ದ. ಗುಡ್ಡದ ಬುಡದ ಊರಿನಲ್ಲಿ ಅವನದೊಂದು ಕಿರಾಣಿ ಅಂಗಡಿ. ಅವನ ಹೆಂಡತಿ ಗುಡ್ಡದ ಮೇಲಿನ ಹಟ್ಟಿಯ ಶಾಲೆಗೆ ಟೀಚರ್. ಆ ಶಾಲೆಗೆ ಇದ್ದವಳು ಅವಳೊಬ್ಬಳೇ. ಅವಳು ಹೋದರೆ ಬೀಗ ತೆರೆಯುತ್ತಿತ್ತು, ಹೋಗದಿದ್ದರೆ ಮಕ್ಕಳು ಕಟ್ಟೆಯ ಮೇಲೆ ಕೂತು ಕಾದು ಮನೆಗೆ ಹೋಗುತ್ತಿದ್ದವು. ಅವಳಿಗೆ ಚಿಕ್ಕಂದಿನಿಂದಲೂ ಒಂದು ಕಾಲಿನಲ್ಲಿ ಬಲವಿಲ್ಲ. ಗುಡ್ಡಕ್ಕೆ ಬಸ್ಸಿರಲಿಲ್ಲ. ಆ ರಸ್ತೆಯ ಕಲ್ಲು ನೋಡಿ ಆಟೋದವರು ಕೈ ಮುಗಿಯುತ್ತಿದ್ದರು. ಅದಕ್ಕೆ ವ್ಯಾಪಾರಿ ತನ್ನ ಅಪ್ಪನ ಕಾಲದ ಮೋಟಾರ್‌ಸೈಕಲ್ಲಿಗೆ ಸೈಡ್‌ಕಾರ್ ಕಟ್ಟಿಸಿದ್ದ. ದಿನಾ ಬೆಳಿಗ್ಗೆ ಹೆಂಡತಿಯನ್ನು ಅದರಲ್ಲಿ ಕೂರಿಸಿ ಗುಡ್ಡ ಹತ್ತಿಸುತ್ತಿದ್ದ. ಗಾಡಿ ಗುಡುಗುಡು ಅನ್ನುತ್ತಾ ನಿಧಾನವಾಗಿ ಏರುತ್ತಿತ್ತು. ಒಂದು ದಿನವೂ ಕೈಕೊಟ್ಟದ್ದಿಲ್ಲ.

ಸುಖವಾಗಿ ಇರಬಹುದಿತ್ತು. ಆದರೆ ಭಾನುವಾರ ಅಂತ ಒಂದಿದೆಯಲ್ಲ! ಹಳೆಯ ಗಾಡಿ ಇಟ್ಟುಕೊಂಡವರೆಲ್ಲ ಅವತ್ತು ಹೆದ್ದಾರಿಯ ಹೋಟೆಲಿನ ಮುಂದೆ ಸೇರುತ್ತಾರೆ. ನಿನ್ನ ಗಾಡಿ ಎಲ್ಲಿಗೆ ಹೋಗುತ್ತದೆ, ಯಾರನ್ನು ಕೂರಿಸಿಕೊಂಡು ಹೋಗುತ್ತದೆ ಅಂತ ಒಬ್ಬನೂ ಕೇಳುವುದಿಲ್ಲ. ನಿನ್ನ ಕ್ಯಾಮಿನ ಲಿಫ್ಟ್ ಎಷ್ಟು ಅಂತ ಮಾತ್ರ ಕೇಳುತ್ತಾರೆ. ವ್ಯಾಪಾರಿ, ಮೊದಲಿನಿಂದ ಇದ್ದದ್ದೇ ಇದೆ, ಅಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಹಾ ಕುಡಿದರು. ಅಷ್ಟೇ. ಅಷ್ಟಕ್ಕೇ ಅವನಿಗೆ ಅವಮಾನವಾಯಿತು. ನಗಬೇಡ, ನಿನಗೂ ಆಗುತ್ತದೆ.

ಸೋಮವಾರ ಸಂಜೆ ಅವನು ಪೇಟೆಯ ಮೆಕ್ಯಾನಿಕ್ ಹತ್ತಿರ ಹೋಗಿ, ಎಲ್ಲಕ್ಕಿಂತ ಹೆಚ್ಚು ಎತ್ತುವ ಕ್ಯಾಮ್ ಹಾಕು, ಅಂದ.

ಆ ಮೆಕ್ಯಾನಿಕ್‌ನನ್ನು ಬೈಯೋಣ ಅಂದರೆ ಬೈಯುವ ಹಾಗೂ ಇಲ್ಲ. ಅಷ್ಟು ಒಳ್ಳೆಯ ಕೆಲಸಗಾರ. ಕ್ಯಾಮಿನ ಉಬ್ಬು ಎಷ್ಟು ಅಂತ ಅಳೆದು ಸುಮ್ಮನಾಗುವವನಲ್ಲ. ಉಬ್ಬಿಗೂ ವಾಲ್ವಿಗೂ ನಡುವೆ ರಾಕರ್ ಇರುತ್ತದೆ, ಕೆಳಗಿನ ಅಳತೆಯೇ ಮೇಲೆ ಬರುವುದಿಲ್ಲ ಅಂತ ಗೊತ್ತಿದ್ದವನು. ವಾಲ್ವಿನ ತಲೆಗೇ ಗೇಜು ಹಚ್ಚಿ ಅಳೆದ. ಹೆಚ್ಚು ತೆರೆದ ವಾಲ್ವು ಪಿಸ್ಟನ್ನಿಗೆ ಬಡಿದೀತೋ ಅಂತ ಪಿಸ್ಟನ್ ತಲೆಯ ಮೇಲೆ ಮೆತ್ತನೆಯ ಜೇಡಿ ಒತ್ತಿ, ಹೆಡ್ ಕೂರಿಸಿ, ಎಂಜಿನ್ನನ್ನು ಕೈಯಲ್ಲಿ ನಿಧಾನ ತಿರುಗಿಸಿದ. ಮತ್ತೆ ಹೆಡ್ ಬಿಚ್ಚಿ, ವಾಲ್ವು ಒತ್ತಿದ ಕಡೆ ಜೇಡಿಯನ್ನು ಬ್ಲೇಡಿನಿಂದ ಕೊಯ್ದು, ಎಷ್ಟು ದಪ್ಪ ಉಳಿದಿದೆ ಅಂತ ನೋಡಿದ. ಸಾಲದು ಅನಿಸಿತು. ಪಿಸ್ಟನ್ನಿನಲ್ಲಿ ವಾಲ್ವಿಗೆ ಗುಳಿ ತೆಗೆದು ಮತ್ತೊಮ್ಮೆ ಜೇಡಿ ಒತ್ತಿ ನೋಡಿದ. ಸ್ಪ್ರಿಂಗುಗಳನ್ನೂ ಬದಲಾಯಿಸಿದ. ನೀನು ಇದರಲ್ಲಿ ಅರ್ಧ ಮಾಡಿದರೂ ನಾನು ಊರಿಗೆಲ್ಲ ಸಕ್ಕರೆ ಹಂಚುತ್ತೇನೆ.

ವ್ಯಾಪಾರಿ ಹೆದ್ದಾರಿಯಲ್ಲಿ ಗಾಡಿ ಓಡಿಸಿ ನೋಡಿದ. ವೇಗ ಏರಿದ ಹಾಗೆ ಎಂಜಿನ್ ಹಾಡತೊಡಗಿತು. ಅಪ್ಪನ ಕಾಲದ ಗಾಡಿ ಹೊಸ ಗಾಡಿಗಳನ್ನು ಹಿಂದೆ ಹಾಕಿತು. ಅವನ ಕಣ್ಣಲ್ಲಿ ನೀರು ಬಂತು. ಮುಂದಿನ ಭಾನುವಾರ ಲಿಫ್ಟ್ ಎಷ್ಟು ಅಂತ ಯಾರೂ ಕೇಳದಿದ್ದರೂ ಅವನೇ ಹೇಳಿದ.

ಆಮೇಲೆ ಸೋಮವಾರ ಬಂತು. ಹೆಂಡತಿಯನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಲು ಹೊರಟ. ಮೊದಲ ತಿರುವಿನಲ್ಲೇ ಗಾಡಿ ಕೆಮ್ಮಿತು, ಜಗ್ಗಿತು, ನಿಂತಿತು.

ಯಾಕೆ ನಿಂತಿತು ಅಂತ ಕೇಳಬೇಡ, ಹೇಳುತ್ತೇನೆ. ಅಂಥ ಕ್ಯಾಮ್ ವಾಲ್ವನ್ನು ಎತ್ತರಕ್ಕೆ ಎತ್ತುವುದಷ್ಟೇ ಅಲ್ಲ, ಹೆಚ್ಚು ಹೊತ್ತು ತೆರೆದೇ ಇಡುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಗಾಳಿ ರಭಸದಿಂದ ನುಗ್ಗುತ್ತದೆ, ಬಾಗಿಲು ತೆರೆದಿದ್ದಷ್ಟೂ ಲಾಭ. ನಿಧಾನವಾಗಿ ತಿರುಗುವಾಗ ಆ ರಭಸ ಇರುವುದಿಲ್ಲ. ಒಳಗೆ ಬಂದ ಗಾಳಿ ತೆರೆದ ಬಾಗಿಲಿನಿಂದ ಬಂದ ದಾರಿಗೇ ವಾಪಸ್ ಹೋಗುತ್ತದೆ. ಬಲ ಎಲ್ಲಿಂದ ಬರಬೇಕು? ಅವನ ದಾರಿ ಏರು, ಕಲ್ಲು, ತಿರುವು. ಪಕ್ಕದಲ್ಲಿ ಹೆಂಡತಿ. ಜೋರಾಗಿ ಹೋಗೋಣ ಅಂದರೆ ಹೋಗುವುದೆಲ್ಲಿಗೆ?

ಅವನು ಒದ್ದ, ಬೈದ, ಕ್ಲಚ್ಚು ಸುಟ್ಟ. ಕೊನೆಗೆ ಹೆಂಡತಿಗೆ, "ನೀನು ಸ್ವಲ್ಪ ಇಳಿ. ಖಾಲಿ ಇದ್ದರೆ ಏರುತ್ತದೆ" ಅಂದ.

ಅವಳು, "ನಾನು ಇಳಿದ ಮೇಲೆ ಇದು ಏರಿದರೆಷ್ಟು, ಬಿಟ್ಟರೆಷ್ಟು, ರೀ?" ಅಂದಳು.

ಅವತ್ತು ಶಾಲೆಯ ಬೀಗ ತೆರೆಯಲಿಲ್ಲ. ಸಂಜೆ ವ್ಯಾಪಾರಿ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಒಯ್ದ. ಮೆಕ್ಯಾನಿಕ್ ತಾನೇ ಓಡಿಸಿ ನೋಡಿ, ಎಂಜಿನ್ನಿನಲ್ಲಿ ಏನೂ ದೋಷವಿಲ್ಲ, ಅಂದ. ಕಾರ್ಬುರೇಟರ್ ಜೆಟ್ ಬದಲಾಯಿಸಿ ಕಳಿಸಿದ. ಮರುದಿನ ಗಾಡಿ ಅದೇ ತಿರುವಿನಲ್ಲಿ ನಿಂತಿತು. ಮತ್ತೆ ಒಯ್ದ. ಮೆಕ್ಯಾನಿಕ್ ಮತ್ತೆ ಓಡಿಸಿದ, ಮತ್ತೆ ದೋಷವಿಲ್ಲ ಅಂದ. ಪ್ಲಗ್ ಬದಲಾಯಿಸಿದ. ಟೈಮಿಂಗ್ ನೋಡಿದ. ಕೊನೆಗೆ ಅವನಿಗೂ ರೇಗಿತು. "ದೋಷ ಗಾಡಿಯಲ್ಲಿಲ್ಲ, ಯಜಮಾನ್ರೇ. ನಿಮಗೆ ಓಡಿಸಲಿಕ್ಕೆ ಬರುವುದಿಲ್ಲ" ಅಂದ.

ಹಳೇ ಕ್ಯಾಮನ್ನೇ ಹಾಕಿಬಿಡು ಅಂತ ವ್ಯಾಪಾರಿ ಹೇಳಬಾರದಿತ್ತೇ? ಹೇಳಬಹುದಿತ್ತು. ಅದು ಅವನ ಅಂಗಡಿಯಲ್ಲೇ ಕಾಗದ ಸುತ್ತಿ ಕೂತಿತ್ತು. ಆದರೆ ಭಾನುವಾರ ಮತ್ತೆ ಬರುತ್ತದಲ್ಲ! ಅಲ್ಲಿ ಯಾವ ಮುಖ ತೋರಿಸುವುದು? ನಾಳೆ ಸರಿಹೋಗುತ್ತದೆ, ನಾಳೆ ಸರಿಹೋಗುತ್ತದೆ ಅಂತ ಹೆಂಡತಿಗೆ ಹೇಳುತ್ತಲೇ ಇದ್ದ. ಅವಳು ಅರ್ಧ ದಾರಿಯಲ್ಲಿ ಇಳಿದು, ಕೋಲು ಊರಿಕೊಂಡು ಹತ್ತಲು ನೋಡಿದಳು. ಕಾಲು ಊದಿಕೊಂಡಿತು. ಕೆಲವು ದಿನ ಮಧ್ಯಾಹ್ನಕ್ಕೆ ತಲುಪಿದಳು, ಕೆಲವು ದಿನ ತಲುಪಲೇ ಇಲ್ಲ.

ಅಂಥದ್ದೇ ಒಂದು ದಿನ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಯ ತನಿಖೆಗೆ ಬಂದರು. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಮಕ್ಕಳು. ಇಳಿದು ಬರುವಾಗ ದಾರಿಯಲ್ಲಿ ಕಲ್ಲಿನ ಮೇಲೆ ಕೂತಿದ್ದ ಟೀಚರ್ ಸಿಕ್ಕಳು. ಪಕ್ಕದಲ್ಲಿ ಅವಳ ಗಂಡ ಗಾಡಿ ಒದೆಯುತ್ತಿದ್ದ.

ಸಾಹೇಬರು ಕೆಟ್ಟವರಲ್ಲ. ಅವಳ ಕಷ್ಟ ನೋಡಿ ಅವಳನ್ನು ಕೆಳಗಿನ ಊರಿನ ಶಾಲೆಗೇ ಹಾಕಿಸಿದರು. ಗುಡ್ಡದ ಶಾಲೆಯನ್ನು ಅದಕ್ಕೇ ಸೇರಿಸಿ ಬಾಗಿಲು ಮುಚ್ಚಿಸಿದರು. ದೊಡ್ಡ ಮಕ್ಕಳು ಕೆಲವು ದಿನ ಇಳಿದು ಬಂದವು. ಸಣ್ಣವು ಬರಲಿಲ್ಲ, ಕುರಿ ಹಿಂದೆ ಹೋದವು. ಅವಳು ಗಂಡನ ಜೊತೆ ಜಗಳವಾಡಲಿಲ್ಲ. ಆ ಗಾಡಿಯಲ್ಲಿ ಮಾತ್ರ ಮತ್ತೆ ಕೂರಲಿಲ್ಲ. ವ್ಯಾಪಾರಿ ಈಗಲೂ ಭಾನುವಾರ ಹೆದ್ದಾರಿಗೆ ಹೋಗುತ್ತಾನೆ. ಗಾಡಿ ಈಗಲೂ ಬಹಳ ಚೆನ್ನಾಗಿ ಓಡುತ್ತದೆ.

ಉಸ್ತಾದರು ಕತೆ ನಿಲ್ಲಿಸಿದರು. ಗವಿಸಿದ್ಧ ಕೇಳಿದ.

"ವ್ಯಾಪಾರಿಗೆ ಜಂಬ, ಅದು ತಿಳಿಯಿತು. ಆದರೆ ಆ ಮೆಕ್ಯಾನಿಕ್? ಅಷ್ಟು ಬಲ್ಲವನು. ಕೂದಲೆಳೆ ತಪ್ಪದ ಹಾಗೆ ಅಳೆದವನು. ಅಷ್ಟು ಸಲ ತಾನೇ ಓಡಿಸಿ ನೋಡಿದವನು. ಅವನಿಗೂ ಯಾಕೆ ಗೊತ್ತಾಗಲಿಲ್ಲ, ಉಸ್ತಾದ್?"

"ಕೆಲಸಕ್ಕೆ ಅಡ್ಡ ಅಂತ ಅವನು ಪ್ರತಿ ಸಲವೂ ಮೊದಲು ಬಿಚ್ಚಿ ಪಕ್ಕಕ್ಕಿಡುತ್ತಿದ್ದದ್ದು ಅವಳು ಕೂರುವ ಜಾಗವನ್ನೇ."