ಮುಂಗುಸಿಯ ಆಟ

ಒಂದು ಕಾಡಿನಲ್ಲಿ ದೊಡ್ಡ ಗವಿಯೊಂದಿತ್ತು. ಹೊತ್ತು ಮುಳುಗುತ್ತಲೇ ಅದರೊಳಗೆ ನೆರಳಾಟ ಶುರುವಾಗುತ್ತಿತ್ತು. ಮಿಣುಕುಹುಳುಗಳೆಲ್ಲ ಒಂದು ಕಲ್ಲಿನ ಮೇಲೆ ಗುಂಪುಗೂಡಿ ದೀಪವಾಗುತ್ತಿದ್ದವು. ಕರಡಿ, ಜಿಂಕೆ, ಮೊಲ, ಮುಂಗುಸಿ ಆ ಬೆಳಕಿಗೆ ಅಡ್ಡವಾಗಿ ಆಡುತ್ತಿದ್ದರು. ಎದುರಿನ ಗೋಡೆಯ ಮೇಲೆ ಅವರ ನೆರಳುಗಳೇ ಕಥೆ ಹೇಳುತ್ತಿದ್ದವು.

ಆಟ ಕಟ್ಟುತ್ತಿದ್ದವಳು ಒಬ್ಬ ಮುದಿ ಮುಳ್ಳುಹಂದಿ. ಎಲ್ಲರಿಗೂ ಅವಳು ಮುಳ್ಳಜ್ಜಿ. ಅವಳು ಆಡುತ್ತಿರಲಿಲ್ಲ, ಹಾಡುತ್ತಿರಲಿಲ್ಲ. ಒಂದು ಬಂಡೆಯ ಮೇಲೆ ಕೂತು, "ಕರಡಿ, ಹಿಂದೆ ಸರಿ. ಜಿಂಕೆ, ದೀಪದ ಹತ್ತಿರ ಹೋಗು, ನಿನ್ನ ಅಳು ದೊಡ್ಡದಾಗಿ ಕಾಣಲಿ. ಮುಂಗುಸಿ, ಸಾಕು ಮಾರಾಯ, ಇನ್ನು ಕೂತುಕೋ" ಎನ್ನುತ್ತಿದ್ದಳು, ಅಷ್ಟೇ. ಆಟ ಮುಗಿದ ಮೇಲೆ ಮೈನಾ ಹಕ್ಕಿ, "ಇದು ಮುಳ್ಳಜ್ಜಿಯ ಆಟ!" ಎಂದು ಸಾರುತ್ತಿದ್ದಳು.

ಅದನ್ನು ಕೇಳಿದಾಗಲೆಲ್ಲ ಮುಂಗುಸಿಯ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. "ಕುಣಿದು ಮೈಕೈ ನೋಯಿಸಿಕೊಂಡವನು ನಾನು. ಕೂತಲ್ಲೇ ಕೂತ ಮುದುಕಿಗೆ ಹೆಸರು! ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತಂತೆ!" ಅಜ್ಜಿಯನ್ನು ಯಾರಾದರೂ ಹೊಗಳಿದರೆ ಅಂದು ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಪಕ್ಕದ ಕಾಡಿನ ಹುಲಿರಾಯ ಆಟ ನೋಡಲು ಬರುತ್ತಾನೆಂದು ಸುದ್ದಿ ಬಂತು. ಮುಂಗುಸಿ ಓಡೋಡಿ ಅಜ್ಜಿಯ ಬಳಿಗೆ ಹೋದ.

"ಅಜ್ಜೀ, ಗುಡ್ಡದಾಚೆ ನಿನ್ನ ಬಿಲ ಕುಸಿದುಬಿಟ್ಟಿದೆ! ಬೇಗ ಹೋಗು. ಇವತ್ತಿನ ಆಟ ನಾನು ನೋಡಿಕೊಳ್ಳುತ್ತೇನೆ."

ಪಾಪ, ಅಜ್ಜಿ ನಂಬಿ ಕುಂಟುತ್ತಾ ಹೊರಟಳು.

ಮುಂಗುಸಿ ಕರಡಿಯ ಕಿವಿಯಲ್ಲಿ ಉಸುರಿದ: "ಕರಡಿಯಣ್ಣ, ನಿನ್ನಂಥವನನ್ನು ಮುದುಕಿ ಮೂಲೆಗೆ ತಳ್ಳಿದ್ದಳಲ್ಲ! ಇವತ್ತು ನಿನ್ನ ನೆರಳೇ ಎಲ್ಲರಿಗಿಂತ ದೊಡ್ಡದು." ಜಿಂಕೆಗೂ ಅದನ್ನೇ ಹೇಳಿದ, ಮೊಲಕ್ಕೂ ಅದನ್ನೇ ಹೇಳಿದ. ಎಲ್ಲರೂ ಹಿಗ್ಗಿ ಹೀರೇಕಾಯಿಯಾದರು. ಕೊನೆಗೆ ಮೈನಾಳನ್ನು ಕರೆದು, "ಯಾರು ಕೇಳಿದರೂ ಇದು ಮುಂಗುಸಿಯ ಆಟ ಅನ್ನು. ಮೂರು ಸಲ ಕೂಗು!" ಎಂದ.

ಸಂಜೆ ಹುಲಿರಾಯ ಬಂದು ಕೂತ. ಮುಂಗುಸಿ ಅಜ್ಜಿಯ ಬಂಡೆಯೇರಿ ಬೀಗಿದ. ದೀಪದ ಹತ್ತಿರ ಹೋದಷ್ಟೂ ನೆರಳು ದೊಡ್ಡದಾಗುತ್ತದೆಂದು ಎಲ್ಲರಿಗೂ ಗೊತ್ತು. ಕರಡಿ ದೀಪದ ಮುಂದೆಯೇ ನಿಂತ. ಜಿಂಕೆ ಅವನನ್ನು ತಳ್ಳಿದಳು. ಮೊಲ ನಡುವೆ ನುಸುಳಿದ.

"ದೊಡ್ಡ ನೆರಳು ನನ್ನದು!"

"ಹೋಗಲೋ, ನನಗೆ ಹೇಳಿದ್ದಾನೆ!"

ಎಲ್ಲರೂ ದೀಪವನ್ನೇ ಮುತ್ತಿದರು. ಗೋಡೆ ಪೂರ್ತಿ ಕಪ್ಪಾಯಿತು. ಮುಂಗುಸಿ ಬಾಯಿ ತೆರೆದ. ಆದರೆ ಯಾರಿಗೆ 'ಹಿಂದೆ ಸರಿ' ಅನ್ನುವುದು? ಎಲ್ಲರಿಗೂ ಮಾತು ಕೊಟ್ಟಿದ್ದಾನಲ್ಲ! ತಳ್ಳಾಟದಲ್ಲಿ ಮೊಲ ಹಾರಿಹೋಗಿ ಹುಲಿರಾಯನ ಮೂಗಿನ ಮೇಲೆಯೇ ಬಿದ್ದ.

"ಯಾರದೋ ಈ ದರಿದ್ರ ಆಟ?" ಹುಲಿರಾಯ ಗರ್ಜಿಸಿದ.

"ಮುಂಗುಸಿಯ ಆಟ!" ಮೈನಾ ಕೂಗಿದಳು.

"ಅಯ್ಯೋ, ಸುಮ್ಮನಿರೇ!" ಮುಂಗುಸಿ ಗೋಗರೆದ.

ಹೇಳಿದ ಕೆಲಸವನ್ನು ಮೈನಾ ಅರ್ಧಕ್ಕೆ ಬಿಡುವವಳಲ್ಲ. "ಮುಂಗುಸಿಯ ಆಟ! ಮುಂಗುಸಿಯ ಆಟ!"

ಮುಂಗುಸಿ ಕಾಲಿಗೆ ಬುದ್ಧಿ ಹೇಳಿದ.

ಅಷ್ಟರಲ್ಲಿ ಮುಳ್ಳಜ್ಜಿ ಏದುಸಿರು ಬಿಡುತ್ತಾ ಮರಳಿದಳು. ಅವಳ ಬಿಲ ನೆಟ್ಟಗೇ ಇತ್ತು. ಕತ್ತಲೆಯ ಗವಿ ನೋಡಿ, "ಕರಡಿ, ಹಿಂದೆ ಸರಿ" ಎಂದಳು. ಕರಡಿ ಸರಿದ. ಗೋಡೆಗೆ ಬೆಳಕು ಬಂತು. ಆಟ ನಡೆಯಿತು. ಜಿಂಕೆ ಅತ್ತಾಗ ಹುಲಿರಾಯನೂ ಕಣ್ಣೊರೆಸಿಕೊಂಡ.

ಮುಂಗುಸಿ ಬಯಸಿದ ಹೆಸರೂ ಅವನಿಗೆ ಸಿಕ್ಕಿತು. ಇಂದಿಗೂ ಮೋಡ ಕವಿದು ಚಂದ್ರ ಮರೆಯಾದರೆ ಆ ಕಾಡಿನ ಮರಿಗಳು, "ಮುಂಗುಸಿಯ ಆಟ ಶುರುವಾಯ್ತು!" ಎಂದು ನಗುತ್ತವೆ. ಬಿಲದೊಳಗೆ ಮುಂಗುಸಿ ಕಿವಿ ಮುಚ್ಚಿಕೊಳ್ಳುತ್ತಾನೆ.

ನೀತಿ: ಹತ್ತು ಜನರ ಆಟವನ್ನು ಒಂದು ಕಥೆಯಾಗಿ ಕಟ್ಟುವವನೇ ಅದರ ಒಡೆಯ, ಹೊಟ್ಟೆಕಿಚ್ಚಿನಿಂದ ಅವನ ಹೆಸರು ಕಸಿದವನು ನಗೆಪಾಟಲಾಗುತ್ತಾನೆ.