ಹಾವು ಕಚ್ಚಿದಾಗ ಹಂಚಿನಾಳ ಸಾಹೇಬರು ಹೇಳಿದ್ದು

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಿಜ್ಞಾನದ ಪಾಡ್‌ಕಾಸ್ಟ್ ನಡೆಸುತ್ತಿದ್ದರು. ಹೊಲದಲ್ಲಿ ದುಡಿಯುವವರೂ ಅದನ್ನು ಮೊಬೈಲ್‌ನಲ್ಲಿ ಕೇಳುತ್ತಿದ್ದರು. ಆ ವಾರ ಶಬಾನಾ ನದಾಫ ಹಾವು ಕಚ್ಚಿದರೆ ಏನು ಮಾಡಬೇಕೆಂದು ಬರೆದಿದ್ದಳು. ವಿಭಾಗದ ಮುಖ್ಯಸ್ಥರಾದ ಹಂಚಿನಾಳ ಸಾಹೇಬರು ಓದಿ ಮೂಗು ಮುರಿದರು.

"ಇದೇನು ಸಂತೆಯ ಮಾತು! ನಾನು ತಿದ್ದಿದ್ದನ್ನೇ ಓದಬೇಕು. ಇಲ್ಲವಾದರೆ ನಿಮ್ಮ ರೆಕಾರ್ಡಿಂಗ್ ಕೋಣೆಗೆ ಬೀಗ."

ತಿದ್ದಿದ ಹಾಳೆಯ ತುಂಬ ಹೊಲದವರಿಗೆ ತಿಳಿಯದ ಸಂಸ್ಕೃತ ಪದಗಳನ್ನು ನೋಡಿ ಶಬಾನಾಳಿಗೆ ದಿಗಿಲಾಯಿತು. ಅವಳ ಸೋದರಮಾವ ಹಾವು ಕಚ್ಚಿಯೇ ಸತ್ತಿದ್ದ. ಮನೆಯವರು ಕಾಲಿಗೆ ಹಗ್ಗ ಬಿಗಿದು ಹೊತ್ತು ಕಳೆದಿದ್ದರು. ಆದರೂ ಅವಳು ತಕರಾರು ಮಾಡಲಿಲ್ಲ.

"ಆಗ್ಲಿ ಸರ್. ನೀವೇ ಓದ್ರಿ, ರೆಕಾರ್ಡ್ ಮಾಡ್ತೀನಿ. ನನಗ ಹಾವು ಕಚ್ಚೇತಿ ಅಂತ ತಿಳೀರಿ. ಯಮನಪ್ಪಣ್ಣ ನೀವು ಹೇಳಿದಂಗ ಮಾಡ್ಲಿ," ಎಂದು ರೆಕಾರ್ಡರ್ ಚಾಲೂ ಮಾಡಿ ಬೆಂಚಿನ ಮೇಲೆ ಮಲಗಿದಳು. ಪ್ರಯೋಗಾಲಯದ ಜವಾನ ಯಮನಪ್ಪ ಪಕ್ಕದಲ್ಲಿ ನಿಂತ.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ದಂಶಿತ ಅಂಗದ ನಿಶ್ಚಲೀಕರಣವು ಪ್ರಥಮತಃ ಅಪೇಕ್ಷಣೀಯ. ಬಂಧನಪ್ರಯೋಗವು ಸರ್ವಥಾ ವರ್ಜ್ಯ..."

ಯಮನಪ್ಪನಿಗೆ 'ಬಂಧನ' ಒಂದೇ ತಿಳಿಯಿತು. ಹೆಗಲ ಮೇಲಿನ ಟವೆಲ್ ತೆಗೆದು ಶಬಾನಾಳ ಕಾಲಿಗೆ ಬಿಗಿಯತೊಡಗಿದ.

"ಅಯ್ಯೋ, ಕಟ್ಟಬ್ಯಾಡೋ!" ಸಾಹೇಬರು ಹಾಳೆ ಎಸೆದು ಓಡಿಬಂದರು. "ಕಾಲು ಅಳ್ಳಾಡಸಬ್ಯಾಡ! ಲಗೂನ ದವಾಖಾನಿಗೆ ಕರ್ಕೊಂಡು ಹೋಗು!"

"ಈಗ ತಿಳೀತ್ರಿ ಸಾಹೇಬ್ರ," ಎಂದ ಯಮನಪ್ಪ.

ಶಬಾನಾ ಎದ್ದು ಕುಳಿತಳು. ನಗಲಿಲ್ಲ. "ನಮ್ಮ ಮಾವಗ ಹಿಂಗ ಹೇಳೋರು ಯಾರೂ ಇರಲಿಲ್ರಿ ಸರ್," ಎಂದಳು.

ಸಾಹೇಬರು ಎಸೆದ ಹಾಳೆಯನ್ನು ಎತ್ತಿ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ರೆಕಾರ್ಡರ್‌ನತ್ತ ಕೈತೋರಿದರು.

"ನಾ ಒದರಿದ್ದು ಅದರಾಗ ಬಂದೈತೇನು? ಹಂಗೇ ಕಳಸು. ಒಂದಕ್ಷರಾನೂ ತಿದ್ದಬ್ಯಾಡ."